ಟ್ರಂಕಿನಲ್ಲಿ ಸಿಕ್ಕ ಕಂದು ಪದಕ ಯಾರದು?

ಪ್ರಶ್ನೆ: ನಮ್ಮದು ಮಂಡ್ಯ ಕಡೆಯ ಊರು. ಹಳೇ ಮನೆ ಕೆಡವುವಾಗ ಅಜ್ಜಿಯ ಟ್ರಂಕಿನಲ್ಲಿ ಮೂರು ಮೆಡಲ್ ಸಿಕ್ಕವು. ಒಂದು ನಕ್ಷತ್ರದ ಆಕಾರದ್ದು, ನಡುವೆ 1914-15 ಅಂತ ಇದೆ. ಇನ್ನೊಂದು ಬೆಳ್ಳಿಯದು. ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ಕುದುರೆ ಮೇಲೆ ಕೂತ ಮನುಷ್ಯ. ಮೂರನೆಯದು ಥೇಟ್ ಬೆಳ್ಳಿಯದರ ಹಾಗೇ ಇದೆ, ಆದರೆ ಕಂದು ಬಣ್ಣ. ನಮ್ಮ ಮುತ್ತಜ್ಜ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಸವಾರರಾಗಿದ್ದರು, ಹೈಫಾ ಯುದ್ಧದಲ್ಲಿದ್ದರು ಅಂತ ಮನೆಯಲ್ಲಿ ಹೇಳುತ್ತಾರೆ. ನಕ್ಷತ್ರ ಮತ್ತು ಬೆಳ್ಳಿ ಮೆಡಲ್ ಮೇಲೆ ಅವರ ಹೆಸರಿದೆ. ಕಂದು ಮೆಡಲಿನ ಅಂಚಿನಲ್ಲಿ ಬೇರೆ ಯಾರದೋ ಹೆಸರಿದೆ. ಅದು ನಕಲಿ, ಬಿಸಾಕು ಅಂತಾರೆ ಚಿಕ್ಕಪ್ಪ. ಇವು ಶೌರ್ಯಕ್ಕೆ ಕೊಟ್ಟ ಮೆಡಲ್‌ಗಳಾ? ಹೈಫಾಕ್ಕೆ ಅಂತಲೇ ಬೇರೆ ಮೆಡಲ್ ಇತ್ತಾ? ದಯವಿಟ್ಟು ತಿಳಿಸಿ ಸಾರ್.

ಉತ್ತರ: ಮೊದಲು ಕಂದು ಪದಕದ ಮಾತು. ಅದನ್ನು ದಯವಿಟ್ಟು ಬಿಸಾಡಬೇಡಿ. ನೀವು ಬರೆದಿರುವುದನ್ನು ನೋಡಿದರೆ ಅದು ನಕಲಿ ಅಲ್ಲ. ನಿಮಗೆ ಸಿಕ್ಕ ಮೂರರಲ್ಲಿ ತೀರಾ ಅಪರೂಪದ್ದು ಅದೇ. ಚಿಕ್ಕಪ್ಪನವರಿಗೂ ಇದನ್ನು ಓದಿ ಹೇಳಿ.

ಬೆಳ್ಳಿಯದೂ ಕಂದು ಬಣ್ಣದ್ದೂ ಒಂದೇ ಪದಕ. ಅದರ ಹೆಸರು ಬ್ರಿಟಿಷ್ ವಾರ್ ಮೆಡಲ್. ಮೊದಲನೇ ಮಹಾಯುದ್ಧ ಮುಗಿದ ಮೇಲೆ, 1919ರ ಜುಲೈನಲ್ಲಿ, ಇದನ್ನು ಕೊಡುವುದೆಂದು ತೀರ್ಮಾನವಾಯಿತು. ಒಂದು ಕಡೆ ಐದನೇ ಜಾರ್ಜ್ ದೊರೆಯ ತಲೆ. ಇನ್ನೊಂದು ಕಡೆ ಬರಿಮೈಯಲ್ಲಿ ಕುದುರೆ ಏರಿದ ಸೇಂಟ್ ಜಾರ್ಜ್. ಭೂತಗನ್ನಡಿ ಇದ್ದರೆ ಕುದುರೆಯ ಕಾಲ ಕೆಳಗೆ ನೋಡಿ. ಹದ್ದಿನ ಚಿತ್ರದ ಒಂದು ಗುರಾಣಿ ಇರುತ್ತದೆ, ಅದು ಜರ್ಮನಿಯ ಗುರುತು. ಪಕ್ಕದಲ್ಲಿ ಒಂದು ತಲೆಬುರುಡೆ, ಮೂಳೆಗಳು. ಮೇಲೆ ಒಂದು ಕಡೆ ಹುಟ್ಟುವ ಸೂರ್ಯ. ಈ ಪದಕ ಬೆಳ್ಳಿಯಲ್ಲಿ ಸುಮಾರು 65 ಲಕ್ಷ ತಯಾರಾಯಿತು. ಕಂಚಿನಲ್ಲಿ ತಯಾರಾಗಿದ್ದು ಸುಮಾರು 1 ಲಕ್ಷ 10 ಸಾವಿರ ಮಾತ್ರ. ನಿಮ್ಮ ಕೈಯಲ್ಲಿರುವ ಕಂದು ಪದಕ ಆ ಕಂಚಿನದು.

ಅದು ಯಾರಿಗೆ ಸಿಗುತ್ತಿತ್ತು ಅಂತ ಹೇಳುತ್ತೇನೆ. ಅದಕ್ಕೂ ಮೊದಲು ನಿಮ್ಮ ಮುತ್ತಜ್ಜನ ಎರಡು ಪದಕಗಳನ್ನು ಓದಿಬಿಡೋಣ. ಅವುಗಳಲ್ಲಿ ನೀವು ಅಂದುಕೊಂಡಿರುವುದಕ್ಕಿಂತ ಜಾಸ್ತಿ ವಿಷಯ ಇದೆ.

ಇವು ಶೌರ್ಯಕ್ಕೆ ಕೊಟ್ಟವಲ್ಲ. ಶೌರ್ಯದ ಪದಕಗಳು ಬೇರೆ. ಆ ಕಾಲದಲ್ಲಿ ಭಾರತೀಯ ಸೈನಿಕರಿಗೆ ಇಂಡಿಯನ್ ಆರ್ಡರ್ ಆಫ್ ಮೆರಿಟ್ ಇತ್ತು, ಇಂಡಿಯನ್ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಮೆಡಲ್ ಇತ್ತು, 1911ರಿಂದ ವಿಕ್ಟೋರಿಯಾ ಕ್ರಾಸ್ ಕೂಡ ಸಿಗುವಂತಾಗಿತ್ತು. ನಿಮ್ಮಲ್ಲಿರುವವು ಯುದ್ಧಕ್ಕೆ ಹೋಗಿ ಬಂದದ್ದಕ್ಕೆ ಕೊಟ್ಟವು, ಹಾಜರಿಯ ಪದಕಗಳು ಅನ್ನಬಹುದು. ಯಾವ ತಾರೀಕಿನಿಂದ ಯಾವ ತಾರೀಕಿನೊಳಗೆ, ಯಾವ ನೆಲದಲ್ಲಿ ಕಾಲಿಟ್ಟಿದ್ದ, ಯಾವ ದಳದ ಪಟ್ಟಿಯಲ್ಲಿ ಹೆಸರಿತ್ತು, ಇಷ್ಟೇ ಲೆಕ್ಕ. ಎಷ್ಟು ಜನರನ್ನು ಕೊಂದ, ಎಷ್ಟು ಗಾಯ ಆಯ್ತು ಅಂತ ಯಾರೂ ಕೇಳುತ್ತಿರಲಿಲ್ಲ. ಇದನ್ನು ಹೇಳಿದಾಗ ಮನೆಯವರಿಗೆ ಸ್ವಲ್ಪ ನಿರಾಸೆ ಆಗುತ್ತದೆ. ನಿರಾಸೆ ಬೇಡ. ಮಂಡ್ಯದ ಹಳ್ಳಿಯಿಂದ ಹೊರಟು, ಬೊಂಬಾಯಿಯಲ್ಲಿ ಹಡಗು ಹತ್ತಿ, ಕುದುರೆಯ ಜೊತೆ ಕಡಲು ದಾಟಿ ಮರಳುಗಾಡಿನಲ್ಲಿ ವರ್ಷಗಟ್ಟಲೆ ಇರುವುದು ಸಣ್ಣ ಹಾಜರಿ ಅಲ್ಲ.

ಈಗ ನಕ್ಷತ್ರಕ್ಕೆ ಬನ್ನಿ. ಅದು 1914-15 ಸ್ಟಾರ್. 1914ರ ಆಗಸ್ಟ್ 5ರಿಂದ 1915ರ ಡಿಸೆಂಬರ್ 31ರ ಒಳಗೆ ಯುದ್ಧಭೂಮಿ ಅಂತ ಗುರುತಿಸಿದ ಜಾಗಕ್ಕೆ ಹೋದವರಿಗೆ ಮಾತ್ರ ಇದು. 1916ರ ಜನವರಿ 1ರಂದು ಹಡಗಿನಿಂದ ಇಳಿದವನಿಗೂ ಇಲ್ಲ. ಮೈಸೂರು ಲ್ಯಾನ್ಸರ್ಸ್, ಅಂದರೆ ಮೈಸೂರು ಮಹಾರಾಜರ ಈಟಿ ಹಿಡಿದ ಕುದುರೆ ದಳ, 1914ರ ಕೊನೆಯಲ್ಲೇ ಈಜಿಪ್ಟ್ ತಲುಪಿತ್ತು. ಹೈದರಾಬಾದ್ ಮುಂತಾದ ಸಂಸ್ಥಾನಗಳ ಸವಾರರ ಜೊತೆ ಸೇರಿ 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್ ಆಯಿತು. ಅವರ ಮೊದಲ ಕೆಲಸ ಸೂಯೆಜ್ ಕಾಲುವೆ ಕಾಯುವುದು. 1915ರ ಫೆಬ್ರವರಿ ಮೊದಲ ವಾರದಲ್ಲಿ ಜರ್ಮನಿಯ ಪಕ್ಷದಲ್ಲಿದ್ದ ತುರ್ಕರು ಆ ಕಾಲುವೆ ದಾಟಲು ನೋಡಿದರು, ಆಗಲಿಲ್ಲ.

ಹೈಫಾ ಈಗಿನ ಇಸ್ರೇಲಿನ ಒಂದು ಬಂದರು ಊರು, ಆಗ ತುರ್ಕರ ಕೈಯಲ್ಲಿತ್ತು. ಅಲ್ಲಿ ಕಾಳಗ ನಡೆದದ್ದು 1918ರಲ್ಲಿ. ನಿಮ್ಮ ಮುತ್ತಜ್ಜನಿಗೆ ಈ ನಕ್ಷತ್ರ ಸಿಕ್ಕಿದೆ ಅಂದರೆ ಅವರು 1915 ಮುಗಿಯುವುದರೊಳಗೇ ಅಲ್ಲಿದ್ದರು. ಆಮೇಲೆ ಕಳಿಸಿದ ತುಕಡಿಯಲ್ಲಿ ಹೋದವರಲ್ಲ, ಮೊದಮೊದಲು ಹೋದವರು. ಇದು ಮನೆಯ ಕತೆಯಲ್ಲಿ ಇಲ್ಲದ ವಿಷಯ ಅಲ್ವಾ? ಪದಕ ಹೇಳುತ್ತಿದೆ.

ಇದೇ ಆಕಾರದ ಇನ್ನೊಂದು ನಕ್ಷತ್ರವೂ ಇದೆ, 1914 ಸ್ಟಾರ್. ಅದು ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ 1914ರ ನವೆಂಬರ್ 22ರ ನಡುರಾತ್ರಿಯೊಳಗೆ ಇದ್ದವರಿಗೆ ಮಾತ್ರ. ದೆಹಲಿಯ ತೀನ್ ಮೂರ್ತಿ ನೋಡಿರುತ್ತೀರಿ. ಜೋಧಪುರ, ಹೈದರಾಬಾದ್, ಮೈಸೂರು ಈ ಮೂರು ಲ್ಯಾನ್ಸರ್ ದಳಗಳ ನೆನಪಿಗೆ ನಿಲ್ಲಿಸಿದ್ದು. ಅದರಲ್ಲಿ ಜೋಧಪುರದವರು 1914ರ ಅಕ್ಟೋಬರ್‌ನಲ್ಲೇ ಫ್ರಾನ್ಸ್ ಸೇರಿದ್ದರು. ಹಾಗಾಗಿ ಅವರ ಮೊದಲ ತಂಡಕ್ಕೆ 1914 ಸ್ಟಾರ್. ಅದೇ ಹೊತ್ತಿಗೆ ಊರು ಬಿಟ್ಟ ಮೈಸೂರಿನವರು ಹೋದದ್ದು ಈಜಿಪ್ಟಿಗೆ, ಅವರಿಗೆ 1914-15 ಸ್ಟಾರ್. ನಾಲ್ಕು ವರ್ಷ ಆದಮೇಲೆ ಹೈಫಾದಲ್ಲಿ ಪಕ್ಕಪಕ್ಕದಲ್ಲಿ ಕುದುರೆ ಓಡಿಸಿದವರ ಎದೆ ಮೇಲೆ ಬೇರೆ ಬೇರೆ ನಕ್ಷತ್ರ. ಹಡಗು ಯಾವ ಬಂದರಿಗೆ ಹೋಯಿತು ಅನ್ನುವುದರ ಮೇಲೆ ನಿಂತಿತ್ತು ಅದು.

ಇನ್ನೊಂದು ಮುಖ್ಯ ವಿಷಯ. ಈ ನಕ್ಷತ್ರವನ್ನು ಒಂಟಿಯಾಗಿ ಯಾರಿಗೂ ಕೊಡಲಿಲ್ಲ. ನಕ್ಷತ್ರ ಸಿಕ್ಕವನಿಗೆ ಬ್ರಿಟಿಷ್ ವಾರ್ ಮೆಡಲ್ ಕೂಡ ಸಿಗುತ್ತಿತ್ತು, ವಿಕ್ಟರಿ ಮೆಡಲ್ ಕೂಡ. ಮೂರೂ ಒಂದು ಜೊತೆ. ನಿಮ್ಮಲ್ಲಿ ಎರಡೇ ಇವೆ. ಅಂದರೆ ಮುತ್ತಜ್ಜನ ಮೂರನೆಯ ಪದಕ ಎಲ್ಲೋ ಕಳೆದಿದೆ. ಅದೂ ಕಂಚೇ, ಆದರೆ ಮೇಲೆ ಚಿನ್ನದ ಹೊಳಪು. ಎರಡು ರೆಕ್ಕೆ ಬಿಚ್ಚಿ ಕೈ ಚಾಚಿ ನಿಂತ ಹೆಂಗಸಿನ ಚಿತ್ರ ಇರುತ್ತದೆ. ರಿಬ್ಬನ್ನು ಕಾಮನಬಿಲ್ಲಿನ ಬಣ್ಣದ್ದು, ಎರಡು ಕಾಮನಬಿಲ್ಲನ್ನು ಅಕ್ಕಪಕ್ಕ ಇಟ್ಟ ಹಾಗೆ. ಚಿನ್ನದ್ದಿರಬೇಕು ಅಂದುಕೊಂಡು ಮನೆಯಲ್ಲಿ ಯಾರಾದರೂ ಬೇರೆ ಕಡೆ ಎತ್ತಿಟ್ಟಿರಬಹುದು. ನಿಮ್ಮ ಅಜ್ಜನ ಅಣ್ಣತಮ್ಮಂದಿರ ಮನೆಗಳಲ್ಲಿ ಒಮ್ಮೆ ಕೇಳಿ. ಆಸ್ತಿ ಪಾಲಾಗುವಾಗ ಮೆಡಲ್ ಕೂಡ ಮಕ್ಕಳಿಗೆ ಒಂದೊಂದು ಅಂತ ಹಂಚಿಹೋಗಿರುವುದನ್ನು ನಾನು ಬಹಳ ಮನೆಗಳಲ್ಲಿ ಕಂಡಿದ್ದೇನೆ.

ಹೈಫಾಕ್ಕೆ ಬೇರೆ ಮೆಡಲ್ ಇರಲಿಲ್ಲ. ಇದು ನನಗೂ ಬೇಸರದ ವಿಷಯ. 1918ರ ಸೆಪ್ಟೆಂಬರ್ 23. ಊರಿನ ಒಂದು ಪಕ್ಕ ಕಾರ್ಮೆಲ್ ಬೆಟ್ಟ, ಮೇಲೆ ತುರ್ಕರ ಕಡೆಯ ಫಿರಂಗಿಗಳು, ಕೆಳಗೆ ನದಿ, ಎಲ್ಲ ಕಡೆ ಮೆಷಿನ್ ಗನ್. ಮೈಸೂರಿನ ಸವಾರರು ಬೆಟ್ಟದ ಕಡೆಯಿಂದ ಏರಿ ಫಿರಂಗಿಗಳ ಬಾಯಿ ಕಟ್ಟಿದರು. ಜೋಧಪುರದವರು ನೇರವಾಗಿ ಊರಿಗೆ ನುಗ್ಗಿದರು. ಅವರ ಮೇಜರ್ ದಲಪತ್ ಸಿಂಗ್ ಅಲ್ಲೇ ಪ್ರಾಣ ಕೊಟ್ಟರು. ಸಂಜೆಯೊಳಗೆ ಊರು ಕೈಗೆ ಬಂತು. 1,350 ಜನ ಸೆರೆ ಸಿಕ್ಕರು, 17 ಫಿರಂಗಿ ಸಿಕ್ಕವು. ಕುದುರೆ ಮೇಲೆ, ಈಟಿ ಹಿಡಿದು ಮಾಡಿದ ಕೆಲಸ ಇದು.

ಬ್ರಿಟಿಷ್ ವಾರ್ ಮೆಡಲಿನ ರಿಬ್ಬನ್ನಿಗೆ ಒಂದೊಂದು ಕಾಳಗದ ಹೆಸರಿನ ಲೋಹದ ಪಟ್ಟಿ ಹಾಕಬೇಕು ಅಂತ ಮೊದಲು ಯೋಚನೆ ಇತ್ತು. ಸೈನ್ಯದವರು 79 ಹೆಸರು ಪಟ್ಟಿ ಮಾಡಿದ್ದರು, ನೌಕಾಪಡೆಯವರು 68. ಕೊನೆಗೆ ಖರ್ಚು ಜಾಸ್ತಿ ಅಂತ ಇಡೀ ಯೋಜನೆಯನ್ನೇ ಕೈಬಿಟ್ಟರು. ಹಾಗಾಗಿ ಹೈಫಾದಲ್ಲಿ ಈಟಿ ಹಿಡಿದವನ ಪದಕಕ್ಕೂ, ದೂರದ ಗೋದಾಮಿನಲ್ಲಿ ಲೆಕ್ಕ ಬರೆದವನ ಪದಕಕ್ಕೂ ನೋಡುವುದಕ್ಕೆ ವ್ಯತ್ಯಾಸವೇ ಇಲ್ಲ. ನಿಮ್ಮ ಮುತ್ತಜ್ಜ ಆ ದಿನ ಹೈಫಾದಲ್ಲೇ ಇದ್ದರಾ ಅನ್ನುವುದನ್ನು ಈ ಪದಕಗಳಿಂದ ಹೇಳಲು ಆಗುವುದಿಲ್ಲ. ದಾಖಲೆ ಹುಡುಕಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಮತ್ತೆ ಆ ಕಂದು ಪದಕ.

ಬ್ರಿಟಿಷ್ ವಾರ್ ಮೆಡಲಿಗೆ ಶರತ್ತು ಹೀಗಿತ್ತು. 1914ರ ಆಗಸ್ಟ್ 5ರಿಂದ 1918ರ ನವೆಂಬರ್ 11ರ ಒಳಗೆ ಯುದ್ಧಭೂಮಿಗೆ ಹೋಗಿರಬೇಕು. ಇಲ್ಲವೇ ತನ್ನ ಊರುಕೇರಿ ಬಿಟ್ಟು ಕಡಲಾಚೆ ಹೋಗಿ ಸೈನ್ಯದ ಕೆಲಸ ಮಾಡಿರಬೇಕು. ಯುದ್ಧ ಮಾಡಿರಲೇಬೇಕು ಅಂತಿರಲಿಲ್ಲ. ಇದರಿಂದ ಒಂದು ವಿಚಿತ್ರ ಆಯಿತು. ಇಂಗ್ಲೆಂಡಿನಿಂದ ಬಂದು ಇಲ್ಲಿನ ಯಾವುದೋ ದಂಡು ಪ್ರದೇಶದಲ್ಲಿ ಕಾವಲಿದ್ದ ಬಿಳಿಯ ಸಿಪಾಯಿಗೆ ಈ ಪದಕ ಬಂತು, ಅವನು ಕಡಲು ದಾಟಿದ್ದನಲ್ಲ. ಅದೇ ಬ್ಯಾರಕ್‌ನಲ್ಲಿ ಯುದ್ಧ ಮುಗಿಯುವ ತನಕ ದುಡಿದು, ಕಡಲು ದಾಟದೇ ಇದ್ದ ನಮ್ಮ ಸಿಪಾಯಿಗೆ ಬರಲಿಲ್ಲ. ನಮ್ಮ ತಾತ ಸೈನ್ಯದಲ್ಲಿದ್ದರು, ಆದರೆ ಒಂದು ಮೆಡಲೂ ಇಲ್ಲ ಯಾಕೆ ಅಂತ ಕೇಳಿ ಬರೆಯುವವರಿಗೆ ಬಹಳ ಸಲ ಇದೇ ಉತ್ತರ.

ಕಡಲು ದಾಟಿದವರಲ್ಲೂ ಎರಡು ಭಾಗ ಮಾಡಿದರು. ಯೋಧರಿಗೆ ಬೆಳ್ಳಿ. ಕೂಲಿ ದಳದವರಿಗೆ, ದಂಡಿನ ಹಿಂದೆ ಹೋದ ಕೆಲಸಗಾರರಿಗೆ ಕಂಚು. ಮಾಲ್ಟಾ ದ್ವೀಪದವರಿಗೆ, ಚೀನಾದ ಕೂಲಿಗಳಿಗೆ, ನಮ್ಮ ಭಾರತದವರಿಗೆ ಹೀಗೆ ಕಂಚಿನ ಪದಕ ಬಂತು. ನಮ್ಮವರಲ್ಲಿ ಅದು ಯಾರ್‍ಯಾರಿಗೆ ಬಂದಿತ್ತು ಗೊತ್ತಾ? ಅಡಿಗೆಯವರು, ಚರ್ಮದ ಚೀಲದಲ್ಲಿ ನೀರು ಹೊರುವ ಭಿಸ್ತಿಗಳು, ಕಸ ಗುಡಿಸುವವರು, ಕುದುರೆ ನೋಡಿಕೊಳ್ಳುವ ಕಾಸ್ತಾರರು. ಸೈನ್ಯದ ಭಾಷೆಯಲ್ಲಿ ಇವರೆಲ್ಲ ಫಾಲೋಯರ್. ಇವರು ಕಡಿಮೆ ಜನ ಏನಲ್ಲ. ಯುದ್ಧದ ವರ್ಷಗಳಲ್ಲಿ ಭಾರತದಲ್ಲಿ ಸುಮಾರು 8.77 ಲಕ್ಷ ಯೋಧರನ್ನು ಸೇರಿಸಿಕೊಂಡರೆ, ಯುದ್ಧ ಮಾಡದ ಕೆಲಸಕ್ಕೆ ಸುಮಾರು 5.63 ಲಕ್ಷ ಜನರನ್ನು ಸೇರಿಸಿಕೊಂಡಿದ್ದರು.

ಕುದುರೆ ದಳದಲ್ಲಂತೂ ಈ ಜನ ಇಲ್ಲದೆ ಒಂದು ದಿನವೂ ನಡೆಯುವುದಿಲ್ಲ. ಈಜಿಪ್ಟಿನ ಸಿನಾಯ್ ಮರಳುಗಾಡಿನಲ್ಲಿ ಸೈನ್ಯ ಮುಂದೆ ಹೋದದ್ದೇ ರೈಲು ಹಳಿ ಮತ್ತು ನೀರಿನ ಪೈಪು ಹಾಕಿಕೊಂಡು. ಅಲ್ಲಿ ಕುದುರೆಗೆ ನೀರು ಕುಡಿಸುವುದೇ ದೊಡ್ಡ ಕೆಲಸ. ಲಾಳ ನೋಡಬೇಕು, ಜೀನು ಉಜ್ಜಿ ಬೆನ್ನು ಹುಣ್ಣಾಗಿದೆಯಾ ನೋಡಬೇಕು, ಹುಲ್ಲು ಹುರುಳಿ ಹೊಂದಿಸಬೇಕು, ಮೈ ತಿಕ್ಕಬೇಕು. ಗುಂಡು ಹಾರಿಸದೇ ಇದ್ದವನಿಗೂ ಗುಂಡು ತಗಲುತ್ತದೆ, ಜ್ವರ ಬರುತ್ತದೆ. ಮರಳುಗಾಡಿನ ಬಿಸಿಲು ಸವಾರನಿಗೆ ಬೇರೆ, ಕಾಸ್ತಾರನಿಗೆ ಬೇರೆ ಅಂತ ಇರಲಿಲ್ಲ. ಪದಕದ ಲೋಹ ಮಾತ್ರ ಬೇರೆ ಆಯಿತು. ಅದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಅದಕ್ಕೇ ಮನೆಯಲ್ಲಿ ಕಂಚಿನ ಪದಕ ಕಂಡರೆ ನಕಲಿ ಅಂತ ಬಿಸಾಡುತ್ತಾರೆ ಅಂದಾಗ ಸಂಕಟ ಆಗುತ್ತದೆ. ಆ ಮನುಷ್ಯನಿಗೆ ಎರಡನೇ ಸಲ ಅನ್ಯಾಯ ಮಾಡಿದ ಹಾಗೆ.

ಬಹುಪಾಲು ಕೂಲಿ ದಳದವರಿಗೆ ಬಂದದ್ದು ಈ ಕಂಚಿನ ಪದಕ ಒಂದೇ. ಆದ್ದರಿಂದ ಕಂಚಿನದು ಒಂಟಿಯಾಗಿ ಸಿಕ್ಕರೆ ಉಳಿದವು ಕಳೆದುಹೋಗಿವೆ ಅಂತ ತಿಳಿಯಬೇಡಿ.

ಕೆಲವು ವರ್ಷದ ಹಿಂದೆ ಮೈಸೂರು ಹತ್ತಿರದ ಒಂದು ಹಳ್ಳಿಗೆ ಹೋಗಿದ್ದೆ. ಒಬ್ಬ ಅಜ್ಜಿ ಕರೆಸಿದ್ದರು. ದೇವರ ಗೂಡಿನಲ್ಲಿ, ದೀಪದ ಪಕ್ಕ, ಇಂಥದೇ ಕಂಚಿನ ಪದಕ ಇತ್ತು. ಎಷ್ಟೋ ವರ್ಷದಿಂದ ಹಬ್ಬಕ್ಕೊಮ್ಮೆ ಅರಿಶಿನ ಕುಂಕುಮ ಹಚ್ಚಿ ಹಚ್ಚಿ ಅಂಚಿನ ಅಕ್ಷರಗಳೆಲ್ಲ ಮುಚ್ಚಿಹೋಗಿದ್ದವು. ಯಾರದು ಅಮ್ಮಾ ಅಂದೆ. ನಮ್ಮ ಮಾವನವರದು ಅಂದರು. ಅವರ ಹೆಸರು ಅಂದೆ. ಅಜ್ಜಿ ಸೆರಗು ಬಾಯಿಗೆ ಹಿಡಿದು ಸುಮ್ನೆ ನಕ್ಕರು. ಮಾವನ ಹೆಸರನ್ನು ಅವರು ಜೀವನದಲ್ಲಿ ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ. ಒದ್ದೆ ಬಟ್ಟೆ ಕೇಳಿ ತಗೊಂಡು ಅಂಚನ್ನು ನಿಧಾನಕ್ಕೆ ಒರೆಸಿದೆ. ಅರಿಶಿನ ಬಿಟ್ಟುಕೊಂಡ ಹಾಗೆ ಒಂದೊಂದೇ ಅಕ್ಷರ ಕಾಣಿಸಿತು. ಮೊದಲು ಒಂದು ನಂಬರು, ಆಮೇಲೆ ಕಾಸ್ತಾರ ಅನ್ನುವುದಕ್ಕೆ ಇಂಗ್ಲಿಷಿನವರು ಬಳಸುತ್ತಿದ್ದ ಸೈಸ್ ಅನ್ನುವ ಮಾತು, ಆಮೇಲೆ ಹೆಸರು. ನಾನು ಗಟ್ಟಿಯಾಗಿ ಓದಿದೆ. ಅಜ್ಜಿ ಹೌದು ಅಂತ ತಲೆ ಆಡಿಸಿದರು, ಕಣ್ಣು ಒರೆಸಿಕೊಂಡರು.

ಹಾಗಾಗಿ ನಿಮ್ಮ ಕಂದು ಪದಕದ ಮೇಲಿರುವ ಬೇರೆ ಹೆಸರು ಒಂದು ತೊಡಕಲ್ಲ, ಅದೇ ಸುಳಿವು. ಆ ಹೆಸರಿನ ಮನುಷ್ಯ ನಿಮ್ಮ ಮನೆಯವರಿರಬಹುದು. ಮುತ್ತಜ್ಜನ ತಮ್ಮನೋ, ಭಾವಮೈದುನನೋ, ಒಟ್ಟಿಗೆ ಹೋದ ಊರಿನವರೋ. ನಮ್ಮ ಕಡೆ ಮನೆತನದ ಹೆಸರು ಇಟ್ಟುಕೊಳ್ಳುವ ರೂಢಿ ಕಡಿಮೆ. ಅದಕ್ಕೇ ಅಣ್ಣತಮ್ಮಂದಿರ ಹೆಸರು ನೋಡಿದರೂ ಒಂದೇ ಮನೆಯವರು ಅಂತ ಗೊತ್ತಾಗುವುದಿಲ್ಲ. ಜೊತೆಗೆ, ಹೆಸರು ಒತ್ತಿದವರಿಗೆ ಕನ್ನಡ ಬರುತ್ತಿರಲಿಲ್ಲ. ಕೇಳಿದ ಹಾಗೆ ಬರೆದಿರುತ್ತಾರೆ. ಇಂಗ್ಲಿಷ್ ಅಕ್ಷರ ನೋಡಿ ಓದಬೇಡಿ, ಬಾಯಲ್ಲಿ ಹೇಳಿ ನೋಡಿ. ಆಗ ಸರಿಯಾದ ಹೆಸರು ತಾನಾಗಿ ಹೊಳೆಯುತ್ತದೆ.

ಓದುವ ಕ್ರಮ ಹೀಗೆ. ದುಂಡು ಪದಕದಲ್ಲಿ ಹೆಸರು ಅಂಚಿನ ದಪ್ಪದ ಮೇಲೆ ಇರುತ್ತದೆ, ನಕ್ಷತ್ರದಲ್ಲಿ ಬೆನ್ನ ಮೇಲೆ. ಮೊಬೈಲ್ ಟಾರ್ಚನ್ನು ನೇರ ಹಿಡಿಯದೆ ಪಕ್ಕದಿಂದ ಹಿಡಿಯಿರಿ, ಅಕ್ಷರದ ನೆರಳು ಬೀಳುತ್ತದೆ. ಮೊದಲು ನಂಬರು, ಆಮೇಲೆ ದರ್ಜೆ, ಹೆಸರು, ಕೊನೆಗೆ ದಳ. ದರ್ಜೆಯನ್ನು ಚಿಕ್ಕದಾಗಿಸಿ ಬರೆದಿರುತ್ತಾರೆ. ಡಿ, ಎಫ್, ಡಿ, ಆರ್ ಅಂತಿದ್ದರೆ ದಫೇದಾರ. ಎಸ್, ಡಬ್ಲ್ಯು, ಆರ್ ಅಂತಿದ್ದರೆ ಸವಾರ. ಕಂಚಿನದರಲ್ಲಿ ದರ್ಜೆಯ ಜಾಗದಲ್ಲಿ ಕೆಲಸದ ಹೆಸರಿರಬಹುದು. ದಳದ ಹೆಸರನ್ನು ಮರೆಯದೆ ನೋಡಿ. ಅಲ್ಲೂ ಮೈಸೂರು ಅಂತಿದ್ದರೆ ಇಬ್ಬರೂ ಒಂದೇ ದಳದವರು. ಬೇರೆ ದಳ ಇದ್ದರೆ ಕತೆ ಬೇರೆ. ಸಾಮಾನು ಸಾಗಿಸುವ ಮೈಸೂರಿನ ಟ್ರಾನ್ಸ್‌ಪೋರ್ಟ್ ಕೋರ್ ಮೆಸಪೊಟೇಮಿಯಾಕ್ಕೆ, ಅಂದರೆ ಈಗಿನ ಇರಾಕಿಗೆ ಹೋಗಿತ್ತು. ಸೈನ್ಯಕ್ಕೆ ದಾರಿ, ಸೇತುವೆ ಕಟ್ಟುವ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ದಳದವರೂ ಅಲ್ಲೆಲ್ಲ ಇದ್ದರು.

ಹುಣಸೆಹಣ್ಣು, ಬೂದಿ, ಬ್ರಾಸೊ ಯಾವುದನ್ನೂ ಹಾಕಿ ತಿಕ್ಕಬೇಡಿ. ಕೈಯಾರೆ ಅಕ್ಷರ ಸವೆಸಿದ ಹಾಗಾಗುತ್ತದೆ. ಬೆಳ್ಳಿ ಕಪ್ಪಾಗಿದ್ದರೂ ಇರಲಿ. ಯಾರಾದರೂ ಅಕ್ಕಸಾಲಿಗರು ತೂಕಕ್ಕೆ ಕೇಳಿದರೆ ಕೊಡಬೇಡಿ. ಈ ಪದಕದಲ್ಲಿ ಹೆಚ್ಚುಕಡಿಮೆ ಒಂದು ಔನ್ಸ್ ಬೆಳ್ಳಿ ಇದೆ. ಬೆಳ್ಳಿಗೆ ಬೆಲೆ ಏರಿದಾಗಲೆಲ್ಲ ಇಂಥವು ಲೆಕ್ಕವಿಲ್ಲದಷ್ಟು ಕರಗಿ ಹೋಗಿವೆ. ಕಳೆದ ವಿಕ್ಟರಿ ಮೆಡಲಿನ ಜಾಗಕ್ಕೆ ಸರ್ಕಾರದಿಂದ ಹೊಸದು ಸಿಗುವುದಿಲ್ಲ. ಮಾರುಕಟ್ಟೆಯಲ್ಲಿ ಸಿಗುವುದು ಒಂದೋ ಬೇರೆಯವರ ಹೆಸರಿನದು, ಇಲ್ಲ ಹೊಸದಾಗಿ ಮಾಡಿದ ಪ್ರತಿ. ಆ ಜಾಗ ಖಾಲಿ ಇದ್ದರೇ ಮೇಲು ಅನ್ನುತ್ತೇನೆ ನಾನು.

ದಾಖಲೆಗೆ ಮೊದಲು ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ ಹೋಗಿ. ಬೆಂಗಳೂರಿನ ವಿಧಾನಸೌಧದಲ್ಲಿದೆ, ಮೈಸೂರಿನಲ್ಲೂ ಅವರ ವಿಭಾಗ ಇದೆ. ಮೈಸೂರು ಲ್ಯಾನ್ಸರ್ಸ್ ಮಹಾರಾಜರ ಸೈನ್ಯ, ಇಂಗ್ಲಿಷರ ನೇರ ಸೈನ್ಯ ಅಲ್ಲ. ಹಾಗಾಗಿ ಮೈಸೂರು ಸಂಸ್ಥಾನದ ಕಡತಗಳಲ್ಲೇ ಮೊದಲು ಹುಡುಕಬೇಕು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ಕಡತಗಳು ಅದಾದ ಮೇಲೆ. ಬೆಂಗಳೂರಿಗೆ ಬಂದಾಗ ಜೆ.ಸಿ. ನಗರದ ಮೈಸೂರು ಲ್ಯಾನ್ಸರ್ಸ್ ಸ್ಮಾರಕಕ್ಕೂ ಒಮ್ಮೆ ಹೋಗಿ ಬನ್ನಿ. ಮುತ್ತಜ್ಜನ ದಳ ಆಮೇಲೆ 1953ರಲ್ಲಿ ಬೇರೆ ಸಂಸ್ಥಾನಗಳ ಕುದುರೆ ದಳಗಳ ಜೊತೆ ಸೇರಿ ಈಗಿನ ಭಾರತೀಯ ಸೇನೆಯ 61ನೇ ಕ್ಯಾವಲ್ರಿ ಆಯಿತು. ಅವರು ಇವತ್ತಿಗೂ ಸೆಪ್ಟೆಂಬರ್ 23ನ್ನು ಹೈಫಾ ದಿನ ಅಂತ ನೆನೆಯುತ್ತಾರೆ.

ಪತ್ರಾಗಾರಕ್ಕೆ ಹೋಗುವ ಮೊದಲು ಮನೆಯಲ್ಲೇ ಒಂದು ಕೆಲಸ ಮಾಡಿ. ನಿಮ್ಮ ಮನೆತನದಲ್ಲಿ ಈಗ ಇರುವ ಎಲ್ಲರಿಗಿಂತ ಹಿರಿಯರು ಯಾರು? ಆ ಕಂದು ಪದಕ ತಗೊಂಡು ಅವರ ಹತ್ತಿರ ಹೋಗಿ ಕೂತುಕೊಳ್ಳಿ. ಚಿಕ್ಕಪ್ಪನವರನ್ನೂ ಕರೆದುಕೊಂಡು ಹೋಗಿ. ಅಂಚಿನಲ್ಲಿರುವ ಹೆಸರನ್ನು ಎರಡು ಮೂರು ಥರ ಗಟ್ಟಿಯಾಗಿ ಓದಿ ಹೇಳಿ. ಅವರು ಏನಂದರು ಅಂತ ನಂಬರು, ದಳದ ಹೆಸರಿನ ಜೊತೆ ನನಗೆ ಬರೆಯಿರಿ. ಮುಂದಿನದನ್ನು ಹುಡುಕೋಣ.